ಮಾಳಪ್ಪನ ಬಲಗಾಲು

ಕಟಕೋಳ, ೧೧ ಮೇ ೧೯೦೯

ಬೆಳಗಾವಿಯ ಡಾಕ್ಟರ್ ಸಾಹೇಬರು ನಿನ್ನೆ ಬಂದು ಇಂದು ಮುಂಜಾನೆ ಟಾಂಗಾದಲ್ಲಿ ಹೋದರು. ಊರ ಧರ್ಮಶಾಲೆಯ ಎರಡು ಕೋಣೆಗಳನ್ನು ಈ ಬೇಸಿಗೆಯ ಮಟ್ಟಿಗೆ ನಾರುಹುಣ್ಣಿನ ದವಾಖಾನೆ ಮಾಡಿದ್ದಾರೆ. ಅದರ ಹೊಣೆ ನನ್ನದು. ಈ ಊರಲ್ಲಿ ಆ ರೋಗಕ್ಕೆ ಕೊರತೆಯಿಲ್ಲ. ಇರುವುದು ಮೆಟ್ಟಿಲು ಇಳಿದು ನೀರು ತುಂಬುವ ಒಂದೇ ಬಾವಿ; ಕಾಲಲ್ಲಿ ಹುಳು ಇದ್ದವರೂ ಅದೇ ನೀರಿಗೆ ಮೊಣಕಾಲವರೆಗೆ ಇಳಿಯುತ್ತಾರೆ. ಹುಳುವಿನ ಮರಿಗಳು ನೀರಿಗೆ ಬಿದ್ದು, ನೀರಿನ ಸಣ್ಣ ಜೀವಿಯೊಂದರ ಹೊಟ್ಟೆ ಸೇರಿ, ಕುಡಿಯುವವರ ಹೊಟ್ಟೆಗೆ ಹೋಗುತ್ತವೆ. ವರ್ಷದ ಮೇಲೆ ಕಾಲಲ್ಲಿ ಗುಳ್ಳೆ ಎಬ್ಬಿಸಿ ಹುಳು ಹೊರಗೆ ತಲೆ ಹಾಕುತ್ತದೆ.

ಸಾಹೇಬರಿಗೆ ಬೇಕಾದದ್ದು ಬಾವಿಯಲ್ಲ, ರಕ್ತದ ಬಿಳಿ ಕಣಗಳು. ಮುಳ್ಳು ಮುರಿದು ಒಳಗುಳಿದರೆ ಎರಡೇ ದಿನದಲ್ಲಿ ಬಿಳಿ ಕಣಗಳು ಮುತ್ತಿ ಕೀವಾಗುತ್ತದೆ. ಎರಡು ಮೊಳ ಉದ್ದದ ಹುಳು ವರ್ಷವಿಡೀ ಮಾಂಸದೊಳಗೆ ತಿರುಗಾಡಿದರೂ ಅವು ಯಾಕೆ ಮುಟ್ಟುವುದಿಲ್ಲ? ಇದು ಅವರ ಪ್ರಶ್ನೆ. ಸೂಕ್ಷ್ಮದರ್ಶಕ, ಗಾಜಿನ ಪಟ್ಟಿಗಳು, ಬಣ್ಣದ ಸೀಸೆ ಬಿಟ್ಟುಹೋಗಿದ್ದಾರೆ. ಹುಣ್ಣಿನ ನೀರನ್ನು ದಿನವೂ ಗಾಜಿಗೆ ಬಳಿದು, ಬಣ್ಣ ಹಾಕಿ, ನೋಡಿ, ಕಳಿಸಬೇಕು. ವರದಿ ಇಂಗ್ಲಿಷಿನಲ್ಲಿ, ಅವರಿಗೆ. ಇದು ಕನ್ನಡದಲ್ಲಿ, ನನಗೆ.

ಟಾಂಗಾ ಹತ್ತುವಾಗ ಹೇಳಿದರು: "ಎಲ್ಲಾದರೂ ಹುಳು ಒಳಗೇ ತುಂಡಾಗಿ ಹರಿದುಹೋದರೆ, ನಿಜಗುಣಪ್ಪ, ಆ ಗಾಜುಗಳನ್ನು ಜೋಪಾನವಾಗಿಡು. ಅಂಥವು ಯಾರ ಹತ್ತಿರವೂ ಇಲ್ಲ." ಹರಿಯಗೊಡದಿರುವುದೇ ನಮ್ಮ ಕೆಲಸ ಎಂದೆ. ನಕ್ಕರು.

೧೪ ಮೇ

ಮೊದಲ ರೋಗಿ ಬಂದ. ಮಾಳಪ್ಪ ಎಂಬ ಕುರುಬ, ವಯಸ್ಸು ಇಪ್ಪತ್ತೈದರ ಆಚೀಚೆ. ಹೆಂಡತಿ ಕರೆವ್ವನ ಹೆಗಲಿಗೆ ಕೈಹಾಕಿ ಕುಪ್ಪಳಿಸುತ್ತ ಬಂದ. ಎಡಗಾಲಿನ ಪಾದದ ಮೇಲಿನ ಗುಳ್ಳೆ ಒಡೆದಿದೆ, ಬಿಳಿ ನೂಲಿನ ತುದಿಯಂತೆ ಹುಳು ಕಾಣುತ್ತದೆ. ಬಲಗಾಲಿನ ಮೀನಖಂಡದಲ್ಲಿ ಇನ್ನೊಂದು ಗುಳ್ಳೆ ಈಗಷ್ಟೇ ಏಳುತ್ತಿದೆ.

"ಕಾಲಿಗೊಂದೊಂದ ಬಂದಾವ್ರಿ," ಅಂದ. "ಜೋಡೆತ್ತ ಹೂಡಿದಂಗ."

"ನಗತಾನ ನೋಡ್ರಿ," ಅಂದಳು ಕರೆವ್ವ. "ಮಿರಗ ಬಂದ ಮ್ಯಾಲ ನಗು ನೀ."

ಕೇಳಿ ತಿಳಿದುಕೊಂಡೆ. ಮಿರಗದ (ಮೃಗಶಿರದ) ಮಳೆ ಬಿದ್ದರೆ ಇಲ್ಲಿಯ ಎರೆಮಣ್ಣು ಕೆಸರಾಗಿ ಕುರಿಗಳ ಗೊರಸು ಕೊಳೆಯುತ್ತವೆ. ಅದಕ್ಕೆ ಮೊದಲು ಹಿಂಡನ್ನು ನವಿಲುತೀರ್ಥದ ಕಲ್ಲುಗುಡ್ಡಕ್ಕೆ ಹೊಡೆದುಕೊಂಡು ಹೋಗಬೇಕು. ದೀಪಾವಳಿಯವರೆಗೆ ದಿನವಿಡೀ ಅದರ ಹಿಂದೆ ನಡೆಯಬೇಕು. ಮನೆಯಲ್ಲಿ ಬೇರೆ ಗಂಡಸರಿಲ್ಲ. ಮಾಳಪ್ಪ ನಡೆಯದಿದ್ದರೆ ಹಿಂಡು ಉಳಿಯುವುದಿಲ್ಲ. ಮಳೆಗೆ ಮೊದಲು ಎರಡೂ ಕಾಲು ನೆಲಕ್ಕೆ ಊರುವಂತೆ ಮಾಡಿ ಕಳಿಸುತ್ತೇನೆಂದು ಮಾತು ಕೊಟ್ಟೆ.

ಬಾಗಿಲ ಹೊರಗೆ ಮುದಕವ್ವ ಕೂತಿದ್ದಳು. ಇಷ್ಟು ವರ್ಷ ಈ ಊರಲ್ಲಿ ಹುಳುವನ್ನು ಕಡ್ಡಿಗೆ ಸುತ್ತಿ ತೆಗೆಯುತ್ತಿದ್ದವಳು ಅವಳೇ. ಗಾಯಕ್ಕೆ ತಂಬಾಕಿನ ಎಂಜಲು ಉಗಿಯುತ್ತಾಳೆ. ಹೋದ ವರ್ಷ ಸೀತವ್ವ ಎಂಬವಳ ಕಾಲಲ್ಲಿ ಹುಳು ಹರಿದು ಆಕೆ ಇನ್ನೂ ಕುಂಟುತ್ತಾಳಂತೆ. ನಾನು ಗಾಜಿಗೆ ನೀರು ಬಳಿಯುವುದನ್ನು ಇಣುಕಿ ನೋಡಿ, "ಹುಳದ ಜಾತಕಾ ಬರಿಯಾಕತ್ಯಾನೇನ ಇವ?" ಅಂದಳು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಒಳಗಿನ ಕೋಣೆಯ ನೆಲದಲ್ಲಿ ಇರುವೆ ಬಹಳ. ಮಲಗಲು ನನ್ನ ಹೊರಸನ್ನು ಮಾಳಪ್ಪನಿಗೆ ಕೊಟ್ಟೆ.

೧೫ ಮೇ

ಬಿಳಿ ಕಣಗಳನ್ನು ಸಾಹೇಬರು ಸಿಪಾಯಿಗಳೆಂದು ವರ್ಣಿಸಿದ್ದರು. ನನಗೆ ಸಿಪಾಯಿಗಳು ಕಾಣಲಿಲ್ಲ. ಕಂಡದ್ದು ತಿಳಿಗುಲಾಬಿ ಬಣ್ಣದ ದುಂಡನೆಯ ಹನಿಗಳು, ಪ್ರತಿಯೊಂದರೊಳಗೂ ನೇರಳೆ ಬೀಜ. ಆ ಬೀಜ ದಾರಕ್ಕೆ ಮೂರು ಗಂಟು ಹಾಕಿದಂತೆ ಅಲ್ಲಲ್ಲಿ ಉಬ್ಬಿ ನಡುವೆ ಸಣ್ಣಗಾಗಿದೆ. ಇಂಗ್ಲಿಷಿನಲ್ಲಿ ಈ ಕಣಕ್ಕೆ ಉದ್ದನೆಯ ಹೆಸರಿದೆ. ಇಲ್ಲಿ ಗಂಟುಕಣ ಎಂದು ಬರೆಯುತ್ತೇನೆ. ಕೀವೆಂದರೆ ಬಹುಮಟ್ಟಿಗೆ ಸತ್ತ ಗಂಟುಕಣಗಳೇ.

ಮಾಳಪ್ಪನ ಹುಣ್ಣಿನ ನೀರಿನಲ್ಲಿ ಅವು ಇವೆ, ಆದರೆ ಸಾಧಾರಣ ತರಚುಗಾಯದಲ್ಲಿ ಇರುವಷ್ಟೇ. ಹುಳುವಿನ ಪಕ್ಕದಿಂದ ತೆಗೆದ ಗಾಜಿನಲ್ಲೂ ಹಾಗೇ. ಬೆರಳಿನ ರಕ್ತದಲ್ಲಿ ಕೆಂಪು ಹರಳು ತುಂಬಿದ ಇನ್ನೊಂದು ಬಗೆಯ ಬಿಳಿ ಕಣ ಬಹಳ ಇದೆ. ಹೊಟ್ಟೆಹುಳು ಇದ್ದವರಲ್ಲೂ ಅದು ಹೆಚ್ಚುವುದುಂಟು. ಗಂಟುಕಣಗಳು ಮಾತ್ರ ಹುಳು ಇದ್ದದ್ದೇ ತಿಳಿಯದಂತೆ ಸುಮ್ಮನಿವೆ.

೨೨ ಮೇ

ಹುಳುವಿನ ತುದಿಯನ್ನು ಸಣ್ಣ ಕಡ್ಡಿಗೆ ಸಿಕ್ಕಿಸಿ, ಕಾಲಿನ ಮೇಲೆ ತಣ್ಣೀರು ಬಿಡುತ್ತ, ದಿನಕ್ಕೆ ಮೂರು ಬೆರಳಗಲ ಸುತ್ತಬೇಕು. ಬಿಗಿಯಾಯಿತೆಂದರೆ ಅಲ್ಲಿಗೇ ಬಿಟ್ಟು ಪಟ್ಟಿ ಕಟ್ಟಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದರೆ ಒಳಗಿನ ತುಂಡಿನಿಂದ ಲೆಕ್ಕವಿಲ್ಲದಷ್ಟು ಮರಿಗಳು ಮಾಂಸದಲ್ಲಿ ಚೆಲ್ಲುತ್ತವೆ.

ನಾನು ಸುತ್ತುವಾಗ ಮಾಳಪ್ಪ ಕಂಬಳಿಯ ಅಂಚು ಕಚ್ಚಿಕೊಂಡಿರುತ್ತಾನೆ. ಇಂದು ಕಚ್ಚಿದ ಕಡೆ ಉಣ್ಣೆ ಹರಿದುಬಂತು. ಅವನು ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಮಧ್ಯಾಹ್ನ ರೊಟ್ಟಿ ಸೇರಲಿಲ್ಲ.

ಸಂಜೆ ಅವನನ್ನು ಎತ್ತಿ ಕೂರಿಸಿ ಸೂಕ್ಷ್ಮದರ್ಶಕದಲ್ಲಿ ಮರಿಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿದ.

"ಇವೆಲ್ಲಾ ನನ್ನ ಕಾಲಾಗಿನ್ವೇನ್ರಿ?"

"ಹೌದು."

"ನಾ ಒಂದ ಹುಳಾ ಅಂದ್ಕೊಂಡಿದ್ನಿ. ಈ ದುರ್ಬೀನದಾಗ ಸಂತೀನ ನೆರದೈತಲ್ರಿ."

೩೧ ಮೇ

ಎಡಗಾಲಿನ ಹುಳು ಇಂದು ಇಡಿಯಾಗಿ ಬಂತು. ಕೊನೆಯ ಬೆರಳಗಲ ತಾನಾಗಿ ಜಾರಿತು. ಅಳೆದು ನೋಡಿದೆ, ಎರಡು ಮೊಳಕ್ಕೆ ಸ್ವಲ್ಪ ಕಡಿಮೆ. ಗಾಯದಲ್ಲಿ ಕೀವಿಲ್ಲ. ಮಾಳಪ್ಪ ಎಡಗಾಲು ಊರಿ ನಿಂತ. 

ಕರೆವ್ವ ಕುರಿಹಾಲಿನ ಗಿಣ್ಣ ತಂದಿದ್ದಳು. ತಟ್ಟೆ ನನ್ನ ಮುಂದೆ ಇಟ್ಟು, "ಎಡಗಾಲ ಕೊಟ್ರಿ. ಬಲಗಾಲ ಯಾವಾಗ ಕೊಡ್ತೀರಿ?" ಅಂದಳು.

"ಅದೂ ಅರ್ಧ ಬಂದೈತಿ. ಮಿರಗದೊಳಗ ಮುಗಸ್ತೇನಿ."

"ಕುರಿ ಈಗಿಂದ್ಲೇ ಮುಗಲ ಕಡಿ ಮಾರಿ ಮಾಡಿ ನಿಂದ್ರತಾವ್ರಿ. ಅವಕ್ಕ ನಿಮ್ಮಷ್ಟ ಸಮಾಧಾನ ಇಲ್ಲ."

೩ ಜೂನ್

ಸಾಹೇಬರ ಪತ್ರ ಬಂತು. ಕಳಿಸಿದ ಗಾಜುಗಳು ಸ್ವಚ್ಛವಾಗಿವೆಯಂತೆ. ಆದರೆ ಬದುಕಿರುವ ಹುಳುವಿನ ಸುತ್ತ ಗಂಟುಕಣಗಳು ಗುಂಪುಗೂಡುವುದಿಲ್ಲವೆಂಬುದು ಹೊಸ ಮಾತಲ್ಲ, ಇದರಿಂದ ಲೇಖನವಾಗದು ಎಂದು ಬರೆದಿದ್ದಾರೆ. ಬೇರೆ ಏನೂ ಸಿಗದಿದ್ದರೆ ಮಳೆಗೆ ಮೊದಲು ದವಾಖಾನೆ ಮುಚ್ಚಿ ಸೂಕ್ಷ್ಮದರ್ಶಕ ಯಂತ್ರ ತೆಗೆದುಕೊಂಡು ಬಾ ಎಂದಿದ್ದಾರೆ.

ಬೈಲಹೊಂಗಲದಲ್ಲಿ ಅಪ್ಪ ಟಪಾಲು ಕಚೇರಿಯ ಕಟ್ಟೆಯ ಮೇಲೆ ಕೂತು ದಿನಪತ್ರಿಕೆ ಓದಿ ಹೇಳುತ್ತಿದ್ದರು. ಎರಡು ದಿನ ಹಳೆಯ ಸುದ್ದಿಯನ್ನು ಜನ ಬಾಯಿಬಿಟ್ಟು ಕೇಳುತ್ತಿದ್ದರು. ಅಚ್ಚಾದದ್ದನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ. ಇಂದು ಅದು ಯಾಕೋ ನೆನಪಾಯಿತು.

೪ ಜೂನ್

ಸಂಜೆ ಬಲಗಾಲಿನ ಹುಳು ಹರಿಯಿತು.

ನಡೆದದ್ದು ಹೀಗೆ. ಮುಂಜಾನೆ ಒಮ್ಮೆ ಸುತ್ತಿದ್ದೆ. ಸಂಜೆ ಇನ್ನೊಮ್ಮೆ ಸುತ್ತಿದರೆ ಬೇಗ ಮುಗಿಯುತ್ತದೆಂದು ಮತ್ತೆ ಕೂತೆ. ಸ್ವಲ್ಪ ಬಂತು, ಆಮೇಲೆ ತಂಬೂರಿಯ ತಂತಿಯಂತೆ ಬಿಗಿಯಾಯಿತು. ಆ ಬಿಗಿ ನನ್ನ ಬೆರಳಿಗೆ ಗೊತ್ತು. ಎಡಗಾಲಿನಲ್ಲಿ ಎಷ್ಟೋ ಸಲ ಅಲ್ಲಿಗೇ ಬಿಟ್ಟಿದ್ದೇನೆ. ಇಂದು ಇನ್ನರ್ಧ ಸುತ್ತು ತಿರುಗಿಸಿದೆ. ಮಾಳಪ್ಪ ಉಸಿರು ಎಳೆದುಕೊಂಡ, ಅಷ್ಟೆ. ತುಂಡಾದ ಬಾಯಿಂದ ಹಾಲಿನಂಥ ನೀರು ಒಂದು ಹನಿ ಬಂತು. ಉಳಿದ ಹುಳು ಒಳಗೆ ಸರಿಯಿತು.

"ಮುಗೀತೇನ್ರಿ?" ಅಂದ.

"ಮುಗೀತು," ಎಂದೆ.

ಅವಸರ ಮಾಡಿದ್ದು ಅವನ ಸಲುವಾಗಿಯೇ. ಕಾಲು ಬೇಗ ಬೇಕಾದದ್ದು ಅವನಿಗೆ.

ಹನಿಯನ್ನು ಗಾಜಿಗೆ ಬಳಿದೆ. ಆದರೆ ಹೊತ್ತು ಮುಳುಗಿತ್ತು. ಯಂತ್ರದ ಕನ್ನಡಿಗೆ ಬಿಸಿಲಿನ ಬೆಳಕು ಬೀಳದೆ ಏನೂ ಕಾಣದು, ದೀಪ ಸಾಲದು; ಬಣ್ಣ ಎಷ್ಟು ಹಿಡಿಯಿತೆಂದು ನೋಡಲಾಗದೆ ಆ ಗಾಜು ಕೆಟ್ಟಿತು. ಇದೊಂದು ತಪ್ಪಾಯಿತು.

೫ ಜೂನ್

ಬೆಳಕು ಹರಿದ ಕೂಡಲೇ ಗಾಯದಿಂದ ಹೊಸ ಗಾಜು ತೆಗೆದೆ. ಗಂಟುಕಣಗಳು ಬಂದುಬಿಟ್ಟಿವೆ. ನಿನ್ನೆಯವರೆಗೆ ಹುಡುಕಿ ಎಣಿಸುತ್ತಿದ್ದ ಜಾಗದಲ್ಲಿ ಇಂದು ತುಂಬಿರುವುದೆಲ್ಲ ಅವೇ. ಬೇರೆ ಕಣಗಳನ್ನೇ ಹುಡುಕಬೇಕು. ರಕ್ತನಾಳದಿಂದ ಇಷ್ಟು ಕಣಗಳು ಒಂದೇ ರಾತ್ರಿಯಲ್ಲಿ ಹೊರಟು ಬಂದಿವೆ.

ಮರಿಗಳು ಕೊಂಕಿದ ಕೂದಲಿನಂತೆ ಬಿದ್ದಿವೆ. ಮರಿ ಕಣಕ್ಕಿಂತ ಬಹಳ ದೊಡ್ಡದು, ಒಂದು ಕಣ ನುಂಗಲಾರದು. ಆದ್ದರಿಂದ ಒಂದೊಂದು ಮರಿಯ ಮೈಗೂ ಹತ್ತಾರು ಕಣಗಳು ಸಾಲಾಗಿ ಒತ್ತಿಕೊಂಡಿವೆ. ಕೆಲವು ಅಂಟಿಕೊಂಡಲ್ಲಿಯೇ ಒಡೆದುಹೋಗಿವೆ. ಅವುಗಳ ನೇರಳೆ ಬೀಜ ನೂಲಾಗಿ ಹರಡಿ ಮರಿಯನ್ನು ಸುತ್ತಿಕೊಂಡಂತೆ ಕಾಣುತ್ತದೆ. ಬಳಿಯುವಾಗ ನನ್ನ ಕೈಯಿಂದಲೇ ಹಾಗಾಗಿರಬಹುದು. ವರದಿಯಲ್ಲಿ ಎರಡೂ ಸಾಧ್ಯತೆ ಬರೆದಿದ್ದೇನೆ.

ಬದುಕಿದ್ದಾಗ ಹುಳು ತನ್ನನ್ನು ಹೇಗೋ ಮರೆಸಿಕೊಂಡಿತ್ತು. ಹರಿದ ಮೇಲೆ ಮರೆಸಲಾಗಲಿಲ್ಲ. ಇಷ್ಟನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇನ್ನಾರೂ ಹೀಗೆ ದಿನದಿನದ ಗಾಜು ತೆಗೆದಂತಿಲ್ಲ. ಇಡೀ ದಿನ ಯಂತ್ರದ ಮುಂದಿನಿಂದ ಏಳಲಿಲ್ಲ. ಮಧ್ಯಾಹ್ನ ರೊಟ್ಟಿ ರುಚಿಯಾಗಿತ್ತು.

ಒಳಗಿನ ಕೋಣೆಯಿಂದ ನರಳುವ ಸದ್ದು ಬರುತ್ತಿತ್ತು. ಬಾಗಿಲು ಮುಂದೆ ಮಾಡಿದೆ. ಇಲ್ಲದಿದ್ದರೆ ಎಣಿಕೆ ತಪ್ಪುತ್ತದೆ.

೭ ಜೂನ್

ಜ್ವರ ಬಂದಿದೆ. ಬಲಗಾಲು ಮೊಣಕಾಲಿನ ಹಿಂದಿನವರೆಗೆ ಊದಿ ಚರ್ಮ ಹೊಳೆಯುತ್ತಿದೆ. ಒಳಗೆ ಕೀವು ನಿಂತಿರುವುದು ಬೆರಳಿಟ್ಟರೆ ತಿಳಿಯುತ್ತದೆ. ಕೀವು ತಿಳಿದ ದಿನವೇ ಕೊಯ್ದು ಬಿಡಬೇಕು, ಇಲ್ಲದಿದ್ದರೆ ಕೀಲು ಕೆಡುತ್ತದೆ ಎಂದು ಪುಣೆಯಲ್ಲಿ ಕಲಿತದ್ದು. ಕೊಯ್ದರೆ ಕೀವೆಲ್ಲ ಹರಿದುಹೋಗಿ ಗಾಜುಗಳ ಸರಣಿ ಅಲ್ಲಿಗೇ ನಿಲ್ಲುತ್ತದೆ. ಆದರೂ ಚಾಕು ಕುದಿಯಲು ಇಟ್ಟಿದ್ದೆ.

ಮಾಳಪ್ಪನೇ ಕೈ ಅಡ್ಡ ತಂದ. "ಹಸೇದ ಕೊಯ್ಯಬ್ಯಾಡ್ರಿ ಡಾಕ್ಟರ್ರ. ಹಣ್ಣಾಗ್ಲಿ. ಕುರಿಗೆ ಕುರ ಎದ್ರೂ ನಾವ ಹಂಗ ಮಾಡತೇವಿ. ಹಸೇದ ಕೊಯ್ದ್ರ ನಂಜ ಮೈಗೇರತೈತಿ. ಹಣ್ಣಾಗಿ ತಾನ ಒಡದ್ರ ಕುರಿ ಮರದಿನಾನ ಮೇಯಾಕ ಹೊಕ್ಕೈತಿ."

"ಕುರಿಗೆ ನಾಕ ಕಾಲ ಅದಾವ," ಅಂದಳು ಕರೆವ್ವ. "ಒಂದ ಹ್ವಾದ್ರ ಮೂರರ ಮ್ಯಾಲ ಕುಂಟತೈತಿ. ನಿನಗೆಷ್ಟ ಅದಾವ?"

"ನಮ್ಮಪ್ಪ ಹಿಂಗ ಮಾಡತಿದ್ದ."

"ನಿಮ್ಮಪ್ಪ ಕುರಿಗೆ ಮಾಡತಿದ್ದ." ನನ್ನ ಕಡೆ ತಿರುಗಿದಳು. "ನೀವೇನಂತೀರಿ? ಕಲತವ್ರ ನೀವು."

ಕುರುಬರ ಈ ಪದ್ಧತಿ ಮನುಷ್ಯರ ಕೀಲಿನ ಹತ್ತಿರದ ಕೀವಿಗೆ ಸಲ್ಲದು. ಆದರೆ ಅದನ್ನು ಬಿಡಿಸಿ ಹೇಳಿ ಒಪ್ಪಿಸಲು ಹೊತ್ತು ಬೇಕು. ರೋಗಿ ಬೇಡವೆಂದಾಗ ಚಾಕು ಹಾಕಬಾರದೆಂಬ ನಿಯಮವೂ ಇದೆ.

"ಅಂವ ಹೇಳೂದ ಖರೆ ಐತಿ. ಹಣ್ಣಾಗ್ಲಿ," ಎಂದೆ.

ಮಾಳಪ್ಪ ಹೆಂಡತಿಯನ್ನು ನೋಡಿ ಗೆದ್ದವನಂತೆ ನಕ್ಕ. ಚಾಕು ಒರೆಸಿ ಪೆಟ್ಟಿಗೆಗೆ ಹಾಕಿದೆ. ಕರೆವ್ವ ಚಾಕುವನ್ನೂ ನೋಡಿದಳು, ನನ್ನನ್ನೂ ನೋಡಿದಳು. ಅವಳಿಗೆ ಮಾತು ಜಾಸ್ತಿ.

೯ ಜೂನ್

ಮೋಡ. ಮೂರು ಗಾಜು ಹಾಳು.

೧೦ ಜೂನ್

ಮಿರಗದ ಮಳೆ ಹಿಡಿಯಿತು. ಕರೆವ್ವ ಗಂಡನ ಕಂಬಳಿಯನ್ನೇ ಹೊದ್ದು, ಅವನ ಕೋಲು ಹಿಡಿದು ಬಾಗಿಲಿಗೆ ಬಂದಳು. ಹಿಂಡು ಎಬ್ಬಿಸಿದ್ದಾಳೆ, ಕುರಿಗಳ ಸದ್ದು ಹಿಂದೆ ಕೇಳುತ್ತಿತ್ತು. ಹೆಂಗಸೊಬ್ಬಳೇ ಹಿಂಡು ಹೊಡೆದುಕೊಂಡು ಗುಡ್ಡಕ್ಕೆ ಹೋಗುವುದು ಅವರಲ್ಲಿ ಇಲ್ಲವಂತೆ.

"ಒಬ್ಬಾಕಿ ಹೆಂಗ ಹೋಗ್ತೀ?" ಎಂದು ಕೇಳಿದೆ.

"ಕಾಲಿಲೆ ಹೋಗತೇನ್ರಿ. ನನಗ ಇನ್ನಾ ಎರಡ ಅದಾವ."

ಮಾಳಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವಳು ಹೋದ ಮೇಲೆ, ಮುಂದೆ ನಡೆಯುವ ಟಗರಿಗೆ ಎಡಗಣ್ಣು ಕಾಣುವುದಿಲ್ಲ, ಹೊಳೆ ದಾಟಿಸುವಾಗ ಬಲಕ್ಕೆ ಹಿಡಿಯಬೇಕು, ಅದನ್ನು ಹೇಳಲು ಮರೆತೆ ಅಂದ. ಓಡಿಹೋಗಿ ಹೇಳುವವರು ಯಾರೂ ಇರಲಿಲ್ಲ. ನನಗೆ ಬಣ್ಣ ಒಣಗುವುದರೊಳಗೆ ತೊಳೆಯಬೇಕಿತ್ತು.

೧೨ ಜೂನ್

ಪಿಚಕಾರಿಯ ಸೂಜಿ ಹಾಕಿ ದಿನಕ್ಕೆರಡು ಸಲ ಕೀವು ತೆಗೆಯುತ್ತೇನೆ, ಗಾಜಿಗೆ ಸಾಲುವಷ್ಟು ಮಾತ್ರ. ಪ್ರತಿ ಸಲವೂ ರೋಗಿ "ಹಣ್ಣಾತೇನ್ರಿ?" ಎನ್ನುತ್ತಾನೆ. ಇನ್ನೂ ಇಲ್ಲ ಎನ್ನುತ್ತೇನೆ.

ಇಂದು ಮುಖ್ಯವಾದದ್ದು ಕಂಡಿತು. ಮರಿಗಳು ಸತ್ತು ಪುಡಿಯಂತಾಗಿವೆ. ಕೊಲ್ಲಬೇಕಾದದ್ದು ಏನೂ ಉಳಿದಿಲ್ಲ. ಆದರೂ ಗಂಟುಕಣಗಳು ಬರುತ್ತಲೇ ಇವೆ, ಒಡೆಯುತ್ತಲೇ ಇವೆ. ಒಡೆದಾಗ ಒಳಗಿನ ರಸ ಸುತ್ತ ಚೆಲ್ಲುತ್ತದೆ. ಇಂದಿನ ಗಾಜಿನಲ್ಲಿ ಮಾಂಸದ ಎಳೆಗಳಿವೆ, ಅವುಗಳ ಅಂಚು ಕರಗಿದೆ. ಅಂದರೆ ಕಾಲನ್ನು ಈಗ ತಿನ್ನುತ್ತಿರುವುದು ಹುಳುವಲ್ಲ, ಹುಳುವನ್ನು ಕೊಲ್ಲಲು ಬಂದವು. ಈ ವಾಕ್ಯ ಇಂಗ್ಲಿಷಿನಲ್ಲಿ ಇನ್ನೂ ಚೆನ್ನಾಗಿ ಬಂದಿದೆ.

೧೫ ಜೂನ್

ಮೊಣಕಾಲಿನ ಹಿಂದೆ ತಾನಾಗಿ ಒಡೆಯಿತು. ಅರ್ಧ ತಂಬಿಗೆಯಷ್ಟು ಕೀವು ಬಂತು. ಜ್ವರ ಇಳಿದಿದೆ. ರೋಗಿಗೆ ಬಹಳ ಸಂತೋಷ. "ನೋಡ್ರಿ, ನಾ ಹೇಳಿದ್ನಿಲ್ಲ," ಅಂದ. ಜೋಳದ ಗಂಜಿ ಕೇಳಿ ಕುಡಿದ.

ಮೊಣಕಾಲು ಮಡಚಿದಂತೆಯೇ ನಿಂತಿದೆ. ಚಾಚಲು ನೋಡಿದೆ, ಬರಲಿಲ್ಲ.

ಸರಣಿ ಪೂರ್ತಿಯಾಯಿತು. ಮೊದಲ ರಾತ್ರಿಯದೊಂದು ಬಿಟ್ಟು.

೨೦ ಜೂನ್

ಮುದಕವ್ವ ಬಂದು ಬಲಗಾಲು ನೋಡಿದಳು. ಹೊರಗೆ ಹೋಗಿ ಕಟ್ಟೆಯ ಮೇಲಿದ್ದವರಿಗೆ ಕೇಳುವಂತೆ, "ನಾ ಹರದ್ರ ಹರದ್ನಿ ಅಂತೇನಿ. ಈ ಕಲತ ಮಗಾ ಹರದ ಅದನ್ನ ಔಷಧ ಅಂತಾನ," ಅಂದಳು. ಒಬ್ಬನು, "ನೀ ಸೀತವ್ವನ ಕಾಲ ತಿಂದಾಗ ಇಷ್ಟ ಮಾತ ಇರಲಿಲ್ಲಲ್ಲ ಮುದಕಿ," ಅಂದ. ಮತ್ತೆ ನಗು.

ಎಂಜಲು ಹಚ್ಚುವ ಕೈ ಜನರ ಗಾಯ ಮುಟ್ಟುವುದು ಆರೋಗ್ಯಕ್ಕೆ ಹಾನಿ. ಊರ ಗೌಡರಾದ ದುಂಡಪ್ಪನವರಿಗೆ ಹೋಗಿ ತಿಳಿಸಿದೆ. ಇನ್ನು ಮುಂದೆ ಅವಳು ಯಾರ ಹುಳುವನ್ನಾದರೂ ಸುತ್ತಿದರೆ ಊರು ಬಿಡಿಸುವುದಾಗಿ ಅವರು ಚಾವಡಿಗೆ ಕರೆಸಿ ಹೇಳಿದ್ದಾರೆ. ಎಲ್ಲ ರೋಗಿಗಳು ದವಾಖಾನೆಗೇ ಬರಬೇಕು. ಇದು ಮೊದಲೇ ಆಗಬೇಕಿತ್ತು.

೩ ಜುಲೈ

ಸಾಹೇಬರ ಪತ್ರ. ಇಷ್ಟು ಸ್ವಚ್ಛವಾದ ಸರಣಿಯನ್ನು ತಾವು ಎಲ್ಲೂ ನೋಡಿಲ್ಲವೆಂದು ಬರೆದಿದ್ದಾರೆ. ಕಲಕತ್ತೆಯ ವೈದ್ಯಕೀಯ ಪತ್ರಿಕೆಗೆ ಲೇಖನ ಹೋಗಲಿದೆ. ಗಾಜುಗಳನ್ನು ಸಿದ್ಧಪಡಿಸಿದವರೆಂದು ನನ್ನ ಹೆಸರು ಅಚ್ಚಾಗುತ್ತದೆ.

ಎರಡು ಕೊರತೆ ಹೇಳಿದ್ದಾರೆ. ಒಂದೇ ಕಾಲಿನ ಮೇಲೆ ಇಷ್ಟು ದೊಡ್ಡ ಮಾತು ಹೇಳಲಾಗದು. ಮತ್ತು ಹುಳು ಹರಿದ ಮೊದಲ ತಾಸುಗಳ ಗಾಜು ಇಲ್ಲ. ಗಂಟುಕಣಗಳು ಎಷ್ಟು ಹೊತ್ತಿಗೆ ಹೊರಡುತ್ತವೆ, ಯಾವುದು ಮೊದಲು ಬರುತ್ತದೆ ಎಂಬುದೇ ಲೇಖನದ ಜೀವ. "ಅಂಥ ಇನ್ನೊಂದು ಅವಕಾಶ ಒದಗಿದರೆ, ದಯವಿಟ್ಟು ಹಗಲಿನಲ್ಲಿ" ಎಂದು ತಮಾಷೆಯಾಗಿ ಮುಗಿಸಿದ್ದಾರೆ. ಜುಲೈ ಕೊನೆಯವರೆಗೆ ದವಾಖಾನೆ ಇರಲಿ ಎಂದಿದ್ದಾರೆ.

ಅವರು ಹೇಳುವುದು ಸರಿ. ಒಂದರಿಂದ ಏನೂ ಸಿದ್ಧವಾಗದು.

೧೨ ಜುಲೈ

ಮಾಳಪ್ಪ ಕೋಲೂರಿಕೊಂಡು ಬಂದಿದ್ದ. ಬಲಗಾಲಿನ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತದೆ, ಹಿಮ್ಮಡಿ ತಾಗುವುದಿಲ್ಲ. ಇನ್ನು ತಾಗುವುದೂ ಇಲ್ಲ. ಮನೆಯಲ್ಲಿ ಕೂತು ಉಣ್ಣೆ ನೂಲುತ್ತಾನಂತೆ. ತಾನೇ ನೂತು ನೇಯಿಸಿದ ಕರಿ ಕಂಬಳಿಯನ್ನು ನನ್ನ ಮುಂದೆ ಇಟ್ಟ.

"ಕಾಲ ತಗದ ಒಗೀತಾರ ಅಂತ ಎಲ್ಲಾರೂ ಅಂದಿದ್ರು. ನೀವ ಉಳಿಸಿದ್ರಿ," ಅಂದ. "ಮಡಚಿ ನಿಂತ್ರೇನಾತು, ಐತಲ್ಲ. ಅಷ್ಟ ಕೀವ ಒಳಗ ಉಳದಿದ್ರ ನಾ ಇರತಿದ್ನಿಲ್ಲ."

ಬೇಡವೆನ್ನುವುದು ಅವನಿಗೆ ಅವಮಾನವಾಗುತ್ತಿತ್ತು. ತೆಗೆದುಕೊಂಡೆ. ಒಳ್ಳೆಯ ಕಂಬಳಿ. ಯಂತ್ರಕ್ಕೆ ತೇವ ತಗಲದಂತೆ ಹೊದಿಸಿದ್ದೇನೆ.

ಊರಲ್ಲಿ ಹೊಸ ಗುಳ್ಳೆ ಯಾರಿಗಾದರೂ ಎದ್ದಿದೆಯೇ ಎಂದು ಕೇಳಿದೆ. ಮಳೆ ಬಿದ್ದ ಮೇಲೆ ಕಡಿಮೆ, ಆದರೂ ಕಂಡರೆ ಕಳಿಸುತ್ತೇನೆ ಅಂದ.

೧೮ ಜುಲೈ

ಯಾರೂ ಬಂದಿಲ್ಲ. ಗಾಜು ಒರೆಸಿಟ್ಟೆ.

೨೧ ಜುಲೈ

ಇಂದು ಇಳಿಹೊತ್ತಿಗೆ ಒಂದು ಒಳ್ಳೆಯ ಕೇಸು ಬಂತು. ಎಡಗಾಲು, ಪಾದದ ಕೀಲಿನ ಮೇಲೆ. ಗುಳ್ಳೆ ಹಾದಿಯಲ್ಲಿ ಒಡೆದಿದೆ, ತಲೆ ಕಾಣುತ್ತದೆ, ಹುಳು ಇಡಿಯಾಗಿದೆ. ಹೆಂಗಸು. ಕರೆವ್ವ.

ನವಿಲುತೀರ್ಥದಿಂದ ನಡೆದು ಬಂದಿದ್ದಾಳೆ. ಹಿಂಡನ್ನು ದುರ್ಗಪ್ಪ ಎಂಬ ಇನ್ನೊಬ್ಬ ಕುರುಬನ ಹಿಂಡಿನೊಡನೆ ಬಿಟ್ಟಿದ್ದಾಳೆ. ಮುಂದಿನ ಸಂತೆಯವರೆಗೆ ನೋಡಿಕೊಳ್ಳುತ್ತೇನೆ, ಆಮೇಲೆ ನಿನ್ನ ಕುರಿ ನಿನಗೆ ಎಂದು ಅವನು ಹೇಳಿದ್ದಾನಂತೆ. ಬಿಸಿಲಿಗೆ ಮುಖ ಕಪ್ಪಾಗಿ ಗುರುತು ಸಿಗಲಿಲ್ಲ. ಮಾಳಪ್ಪ ಹಿಂದಿನಿಂದ ಕುಂಟುತ್ತ ಬಂದ.

"ಮೊದಲ ಮುದಕವ್ವನ ಕಡಿ ಹೋಗಿದ್ನಿ," ಅಂದಳು. ಮುಚ್ಚಿಡುವ ಸ್ವಭಾವ ಅವಳದಲ್ಲ. "ಗೌಡ್ರಿಗೆ ಅಂಜಿ ಬಾಗಲಾ ತಗೀಲಿಲ್ಲ."

"ಆಕಿ ಕಡಿ ಯಾಕ ಹೋಗ್ತಿ?" ಅಂದ ಮಾಳಪ್ಪ. "ನನ್ನ ಕಾಲ ಉಳಿಸಿದವ್ರ ಇಲ್ಲೇ ಕುಂತಾರ."

"ನಿನ್ನ ಕಾಲ ನಾ ನೋಡೇನಿ, ಸುಮ್ನಿರು."

ಕಲ್ಲಿನ ಮೇಲೆ ಕೂತು ಕಾಲು ಮುಂದೆ ಚಾಚಿದಳು. ನನ್ನ ಮುಖ ನೋಡುತ್ತಲೇ ಮಾತಾಡಿದಳು.

"ಇವನ ಎಡಗಾಲಿಂದು ನೀವ ತಗದಿದ್ದ ನಾ ಕಣ್ಲೆ ನೋಡೇನ್ರಿ. ಎಳೀನೂ ಹರೀದಂಗ ತಗದ್ರಿ. ನಿಮ್ಮ ಕೈಗೆ ಬರೂದಿಲ್ಲ ಅಂತ ನಾ ಅನ್ನೂದಿಲ್ಲ. ಬರತೈತಿ. ನಂದೂ ಎಡಗಾಲ ಐತಿ. ಹಂಗ ತಗೀರಿ."

"ಜೋಪಾನ ಮಾಡತೇನಿ," ಎಂದೆ.

"ಹರದ್ರ ಕುರಿ ಹಿಂದ ನಡಿಯಾವ್ರ ನಮ್ಮ ಮನ್ಯಾಗ ಯಾರೂ ಉಳದಿಲ್ಲ. ಅಷ್ಟ ಮನಸಿನ್ಯಾಗ ಇಟಗೋರಿ."

"ಹೌದು."

"ಹಂಗಾರ ಈಗ ಸುರು ಮಾಡ್ರಿ. ಒಂದ ಸುತ್ತ ಆದ್ರೂ ಆಗ್ಲಿ."

"ಈಗ ಬ್ಯಾಡ. ನಾಳೆ ಹೊತ್ತ ಹುಟ್ಟತ್ಲೆ ಬಾ."

"ಬೆಳಕ ಐತಲ್ರಿ ಇನ್ನಾ."

"ಸಾಲೂದಿಲ್ಲ."

ಸುತ್ತುವುದಕ್ಕೆ ಅಷ್ಟು ಬೆಳಕು ಧಾರಾಳ. ಅದನ್ನು ಅವಳಿಗೆ ಹೇಳುವ ಕಾರಣವಿರಲಿಲ್ಲ. ಮಾಳಪ್ಪ, ಡಾಕ್ಟರು ಅಂದ ಮೇಲೆ ಮುಗಿಯಿತು, ನಡಿ, ಎಂದು ಅವಳ ರಟ್ಟೆ ಹಿಡಿದು ಎಬ್ಬಿಸಿದ. ಇಬ್ಬರೂ ಒಂದೇ ಕೋಲಿನ ಮೇಲೆ ಹೋದರು.

ಮಿತವಾಗಿ ಸುತ್ತುವುದೇ ನನ್ನ ಉದ್ದೇಶ. ಆದರೆ ಎಂಥ ಕೈಯಲ್ಲೂ ಹುಳು ಹರಿಯುವುದುಂಟು, ಆದ್ದರಿಂದ ಸಿದ್ಧವಾಗಿರುವುದು ಒಳ್ಳೆಯದು. ತಾಸಿಗೊಂದರಂತೆ ಸಂಜೆಯವರೆಗಿನ ಗಾಜುಗಳಿಗೆ ಚೀಟಿ ಅಂಟಿಸಿದ್ದೇನೆ. ಚೀಟಿಯ ಮೇಲೆ "ಎಡಗಾಲು, ಎರಡನೆಯ ಸರಣಿ" ಎಂದು ಬರೆದಿದೆ.

೨೨ ಜುಲೈ

ಬಂದಿದ್ದಾಳೆ. ಮಾಳಪ್ಪ ಅವಳ ಹಿಂದೆ ಕೂತು, ಅಲುಗಾಡದಂತೆ ಎರಡೂ ಹೆಗಲು ಹಿಡಿದುಕೊಂಡಿದ್ದಾನೆ. ಕಂಬಳಿ ತೆಗೆದು ಯಂತ್ರವನ್ನು ಅಂಗಳಕ್ಕೆ ತಂದಿಟ್ಟೆ. ಆಕಾಶದಲ್ಲಿ ಒಂದು ಮೋಡವೂ ಇಲ್ಲ.